‘ರಸ್ತೆ ದಾಟುತ್ತಿದ್ದಳು’ ಎಂದು ಬರೆದ ಆ ಒಂದು ಸಾಲು

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಚಿಕ್ಕಬಳ್ಳಾಪುರ ಜಿಲ್ಲೆ
ಮಾನ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು
ಮಾನ್ಯ ಕಾರ್ಮಿಕ ಅಧಿಕಾರಿಗಳು
ಮಾನ್ಯ ಸದಸ್ಯ ಕಾರ್ಯದರ್ಶಿಗಳು, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ

ವಿಷಯ: ಕೆಲಸದ ಮೇಲಿದ್ದಾಗ ಕುಡಿದ ಚಾಲಕರ ವಾಹನಕ್ಕೆ ಸಿಕ್ಕಿ ಗಾಯಗೊಂಡ ಕೂಲಿಕಾರರಿಗೆ ಅವರ ಹಕ್ಕುಗಳನ್ನು ಮೊದಲೇ ತಿಳಿಸಬೇಕೆಂದು ಮನವಿ

ಮಾನ್ಯರೇ,

ನಾನು ಚಿಕ್ಕಬಳ್ಳಾಪುರದ ಒಂದು ಹೂವಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಅಕ್ಕ ಹೆದ್ದಾರಿಯ ನಡುವಿನ ಗಿಡಗಳಿಗೆ ನೀರು ಹಾಕುವ, ಕಳೆ ಕೀಳುವ ಕೂಲಿ ಕೆಲಸದಲ್ಲಿದ್ದಳು. ಕಣಗಿಲೆ, ಕಾಗದದ ಹೂವಿನ ಗಿಡಗಳು ಇವೆಯಲ್ಲ, ಅವೇ. ಅವಳಿಗೆ ಆಗ 40 ವರ್ಷ. ತಿಂಗಳಿಗೆ 12,000 ರೂಪಾಯಿ ಕೈಗೆ ಬರುತ್ತಿತ್ತು.

ಹೋದ ವರ್ಷ ಫೆಬ್ರವರಿಯ ಒಂದು ಭಾನುವಾರ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಮಂಜು ಇನ್ನೂ ಬಿಟ್ಟಿರಲಿಲ್ಲ. ಟ್ಯಾಂಕರ್ ಮುಂದೆ ನಿಂತಿತ್ತು. ಅಕ್ಕ ಪೈಪು ಹಿಡಿದು ಗಿಡದ ಬುಡಕ್ಕೆ ನೀರು ಬಿಡುತ್ತಿದ್ದಳು. ನಂದಿ ಬೆಟ್ಟದಲ್ಲಿ ಸೂರ್ಯ ಹುಟ್ಟುವುದನ್ನು ನೋಡಲು ಹೊರಟಿದ್ದ ನಾಲ್ವರು ಹುಡುಗರ ಕಾರು ಬಲಗಡೆಯ ಕಲ್ಲಿನ ಅಂಚು ಹತ್ತಿ ಬಂದು ಅವಳಿಗೆ ಬಡಿಯಿತು. ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು. ಸೊಂಟದ ಮೂಳೆಗೂ ಪೆಟ್ಟಾಯಿತು. ಈಗ ಕಾಲಿನಲ್ಲಿ ರಾಡ್ ಇದೆ. ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಕಳೆ ಕೀಳುವವಳು ಕುಕ್ಕರಗಾಲಲ್ಲಿ ಕೂರದೆ ಏನು ಕೆಲಸ ಮಾಡಬೇಕು ಹೇಳಿ.

ಜೊತೆಯಲ್ಲಿದ್ದ ಮೂವರು ಹೆಂಗಸರು ಕಾರಿನ ಬಾಗಿಲು ತೆಗೆದಾಗ ಹೆಂಡದ ವಾಸನೆ ಮುಖಕ್ಕೆ ಹೊಡೆಯಿತು ಅಂತ ಹೇಳುತ್ತಾರೆ. ಓಡಿಸುತ್ತಿದ್ದ ಹುಡುಗನಿಗೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಅವನು ಓಡಿಹೋಗಲಿಲ್ಲ, ಅದನ್ನೂ ಹೇಳಬೇಕು. ಅಲ್ಲೇ ತಲೆ ಹಿಡಿದುಕೊಂಡು ಕೂತಿದ್ದನಂತೆ. ಆದರೆ ಸ್ಥಳದಲ್ಲಿ ಅವನ ಬಾಯಿಗೆ ಊದಿಸುವ ಯಂತ್ರ ಹಿಡಿದವರು ಯಾರೂ ಇಲ್ಲ. ರಕ್ತ ತೆಗೆದದ್ದು ಮಧ್ಯಾಹ್ನ ಒಂದೂವರೆಗೆ.

ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯ. ಕುಡಿದವನ ರಕ್ತದಲ್ಲಿ ಮದ್ಯ ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಇಳಿಯುತ್ತಾ ಹೋಗುತ್ತದೆ. ಬೆಳಗ್ಗೆ ಆರಕ್ಕೆ 120 ಇದ್ದವನಿಗೆ ಮಧ್ಯಾಹ್ನ ಒಂದಕ್ಕೆ 15 ಮಾತ್ರ ಉಳಿಯುತ್ತದೆ. ಅಂದರೆ ಮಿತಿಯ ನಾಲ್ಕು ಪಟ್ಟು ಕುಡಿದವನೂ ಊಟದ ಹೊತ್ತಿಗೆ ಕುಡಿಯದವನ ಲೆಕ್ಕಕ್ಕೆ ಬಂದುಬಿಡುತ್ತಾನೆ. ನಮ್ಮ ಕೇಸಿನಲ್ಲಿ ವರದಿ ಬಂದದ್ದೂ ಹಾಗೆಯೇ, ಮಿತಿಯೊಳಗೆ. ಕುಡಿದು ಓಡಿಸಿದ್ದಕ್ಕೆ ಹಾಕುವ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಚಾರ್ಜ್‌ಶೀಟಿನಲ್ಲಿ ಇಲ್ಲ. ಈ ಸೆಕ್ಷನ್ನಿನಲ್ಲಿ ಹಿಡಿದವರನ್ನು ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆಗೆ ಒಳಪಡಿಸಬೇಕು ಅಂತ ಅದೇ ಕಾಯ್ದೆಯ 202ನೇ ಸೆಕ್ಷನ್ ಹೇಳುತ್ತದೆ. ಆ ಎರಡು ಗಂಟೆಗೆ ಎಷ್ಟು ಬೆಲೆ ಇದೆ ಅಂತ ನನಗೆ ಗೊತ್ತಾಗಿದ್ದು ವರದಿ ಕೈಗೆ ಬಂದ ಮೇಲೆ.

ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಒಂದು ಸಾಲು. ಅದನ್ನು ಹೇಳಲಿಕ್ಕೆ ಅಂತಲೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಆಸ್ಪತ್ರೆಯಲ್ಲಿ ರಕ್ತಕ್ಕಾಗಿ ಓಡಾಡುತ್ತಿದ್ದೆ. ಆ ಹೊತ್ತಿನಲ್ಲಿ ಠಾಣೆಗೆ ಹೋಗಿ ದೂರು ಬರೆದುಕೊಟ್ಟವರು ಗುತ್ತಿಗೆದಾರರ ಕಡೆಯ ಮೇಸ್ತ್ರಿ. ಅವರು ಸಹಾಯ ಮಾಡುತ್ತಿದ್ದಾರೆ ಅಂತಲೇ ನಾವು ತಿಳಿದೆವು. ಎಫ್‌ಐಆರ್ ಪ್ರತಿ ಕೈಗೆ ಸಿಕ್ಕಿದ್ದು ಇಪ್ಪತ್ತು ದಿನದ ನಂತರ. ಅದರಲ್ಲಿ ಹೀಗಿತ್ತು: ‘ಮಹಿಳೆ ರಸ್ತೆ ದಾಟುತ್ತಿದ್ದಾಗ ಕಾರು ಡಿಕ್ಕಿ ಹೊಡೆದಿರುತ್ತದೆ.’ ಕೆಲಸದ ಮಾತೇ ಇಲ್ಲ. ಟ್ಯಾಂಕರ್ ಇಲ್ಲ, ಪೈಪಿಲ್ಲ. ಚಾಲಕ ಕುಡಿದಿದ್ದ ಅನ್ನುವುದಂತೂ ಇಲ್ಲವೇ ಇಲ್ಲ.

ಯಾಕೆ ಹಾಗೆ ಬರೆಸಿದರು ಅಂತ ಆಮೇಲೆ ಅರ್ಥವಾಯಿತು. ಅಂದು ಅಲ್ಲಿ ರಸ್ತೆಗೆ ಅಡ್ಡ ಇಡುವ ಕಿತ್ತಳೆ ಕೋನುಗಳು ಇರಲಿಲ್ಲ. ಕೆಂಪು ಬಾವುಟ ಹಿಡಿದು ನಿಲ್ಲುವವನು ಇರಲಿಲ್ಲ. ಮಿನುಗುವ ಜಾಕೆಟ್ ನಾಲ್ವರಲ್ಲಿ ಇಬ್ಬರಿಗೆ ಮಾತ್ರ ಇತ್ತು. ಕೆಲಸದ ಮೇಲಿದ್ದಳು ಅಂತ ಬರೆದರೆ ಇವೆಲ್ಲ ಪ್ರಶ್ನೆಗೆ ಬರುತ್ತಿದ್ದವು.

ಆ ಒಂದು ಸಾಲು ಅಕ್ಕನಿಗೆ ಕಾನೂನು ತೆರೆದಿಟ್ಟ ಎರಡು ಬಾಗಿಲಿಗೂ ಅಡ್ಡ ನಿಂತಿತು.

ಮೊದಲನೆಯ ಬಾಗಿಲು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಕಾರಿನ ಚಾಲಕ, ಮಾಲೀಕ, ವಿಮಾ ಕಂಪನಿ ಮೂವರ ಮೇಲೂ 166ನೇ ಸೆಕ್ಷನ್ನಿನಡಿ ಅರ್ಜಿ ಹಾಕಬಹುದು. ಎರಡನೆಯದು ಕೆಲಸಕ್ಕೆ ಇಟ್ಟುಕೊಂಡವರ ಹೊಣೆ. ಇದು 1923ರ ನೌಕರರ ಪರಿಹಾರ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಆ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅಕ್ಕನಿಗೆ ಗಾಯವಾದಾಗ ಹಳೆಯದೇ ಇತ್ತು. ಎರಡೂ ಬಾಗಿಲು ತೆರೆದಿದ್ದರೂ ಒಂದರಲ್ಲಿ ಮಾತ್ರ ಹೋಗಬೇಕು. ಮೋಟಾರು ವಾಹನ ಕಾಯ್ದೆಯ 167ನೇ ಸೆಕ್ಷನ್ ಪ್ರಕಾರ ಎರಡೂ ಕಡೆ ಪರಿಹಾರ ಕೇಳುವಂತಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ನಾನು ಲೆಕ್ಕದವನು, ಕೂತು ಲೆಕ್ಕ ಹಾಕಿದೆ. ದುಡಿಯುವ ಶಕ್ತಿ ಶೇ. 30 ಹೋಗಿದೆ ಅಂತ ಇಟ್ಟುಕೊಳ್ಳಿ. 1923ರ ಕಾಯ್ದೆಯಲ್ಲಿ ತಿಂಗಳ ಕೂಲಿಯ ಶೇ. 60 ತೆಗೆದುಕೊಂಡು, ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುತ್ತಾರೆ. 40 ವರ್ಷಕ್ಕೆ ಅದು 184.17. ಅದರಲ್ಲಿ ಶೇ. 30 ಅಂದರೆ 3,97,807 ರೂಪಾಯಿ. ನ್ಯಾಯಮಂಡಳಿಯಲ್ಲಿ ವರ್ಷದ ದುಡಿಮೆಯನ್ನು ಗುಣಿಸುತ್ತಾರೆ. ಸುಪ್ರೀಂ ಕೋರ್ಟ್ 2009ರಲ್ಲಿ ಒಪ್ಪಿದ ಪಟ್ಟಿಯಂತೆ 36ರಿಂದ 40 ವರ್ಷದವರಿಗೆ 15ರಿಂದ. 1,44,000ವನ್ನು 15ರಿಂದ ಗುಣಿಸಿ ಶೇ. 30 ತೆಗೆದರೆ 6,48,000 ರೂಪಾಯಿ. ನೋವಿಗೆ, ಮುಂದಿನ ಚಿಕಿತ್ಸೆಗೆ, ಮುಂದೆ ಕೂಲಿ ಹೆಚ್ಚುವುದಕ್ಕೆ ಕೊಡುವುದು ಬೇರೆ.

ಕಾಗದದ ಮೇಲೆ ಮೊದಲ ಬಾಗಿಲೇ ದೊಡ್ಡದು. ಆದರೆ ಅಲ್ಲಿ ಚಾಲಕನ ತಪ್ಪನ್ನು ತೋರಿಸಬೇಕು. ಎರಡನೆಯ ಕಡೆ ತಪ್ಪು ಯಾರದ್ದು ಅನ್ನುವ ಪ್ರಶ್ನೆಯೇ ಇಲ್ಲ. ಕೆಲಸದ ಮೇಲಿದ್ದಾಗ, ಕೆಲಸದ ಕಾರಣಕ್ಕೆ ಗಾಯವಾಗಿದ್ದರೆ ಸಾಕು. ಗುದ್ದಿದ ವಾಹನ ಯಾವುದೆಂದು ಗೊತ್ತಿಲ್ಲದಿದ್ದರೂ ಅದು ನಡೆಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ದಾರಿ ಸರಿ. ಆರಿಸುವ ಮೊದಲು ಬಲ್ಲವರು ಹತ್ತಿರ ಕೂತು ಹೇಳಬೇಕು.

ಈಗ ಆ ಸಾಲನ್ನು ಮತ್ತೆ ನೋಡಿ. ‘ರಸ್ತೆ ದಾಟುತ್ತಿದ್ದಳು’ ಅಂದರೆ ಕೆಲಸದಲ್ಲಿ ಇರಲಿಲ್ಲ ಅಂತಾಯಿತು. ಗುತ್ತಿಗೆದಾರರ ಹೊಣೆ ಹೋಯಿತು. ಹೆದ್ದಾರಿಯಲ್ಲಿ ಅಡ್ಡ ಬಂದಳು ಅಂತಲೂ ಆಯಿತು. ತಪ್ಪಿನಲ್ಲಿ ಅವಳದ್ದೂ ಪಾಲಿದೆ ಅನ್ನಲು ವಿಮಾ ಕಂಪನಿಗೆ ದಾರಿ ಸಿಕ್ಕಿತು. ಅವರ ತಕರಾರಿನಲ್ಲಿ ಅದನ್ನೇ ಬರೆದಿದ್ದಾರೆ.

ಮೂರನೇ ವಾರ ಮೇಸ್ತ್ರಿ ಮನೆಗೆ ಬಂದು 15,000 ರೂಪಾಯಿ ಕೊಟ್ಟರು. ಒಂದು ಹಾಳೆಗೆ ಅಕ್ಕನ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ‘ಇನ್ನು ಬೇರೆ ಏನೂ ಬಾಕಿ ಇರುವುದಿಲ್ಲ’ ಅಂತ ಅದರಲ್ಲಿತ್ತಂತೆ. ಅಕ್ಕನಿಗೆ ಓದಲು ಬರುವುದಿಲ್ಲ. ನಾನು ಮಂಡಿಯಲ್ಲಿದ್ದೆ. ಆ ರಾತ್ರಿ ಅವಳು ‘ನಾನು ಏನೋ ತಪ್ಪು ಮಾಡಿಬಿಟ್ಟೆ ಅನ್ಸುತ್ತೆ ಕಣೋ’ ಅಂತ ಅತ್ತದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಅವಳ ತಪ್ಪೇನೂ ಇರಲಿಲ್ಲ. ಹಕ್ಕು ಬಿಟ್ಟುಕೊಟ್ಟೆ ಅಂತ ನೌಕರರಿಂದ ಬರೆಸಿಕೊಂಡ ಕಾಗದಕ್ಕೆ ಬೆಲೆಯೇ ಇಲ್ಲ ಅಂತ 1923ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಮಹಿಳೆಗೆ ಒಟ್ಟಾಗಿ ಕೊಡುವ ಪರಿಹಾರವನ್ನು ಪರಿಹಾರ ಆಯುಕ್ತರಲ್ಲಿಯೇ ಠೇವಣಿ ಇಡಬೇಕು, ನೇರವಾಗಿ ಕೈಗೆ ಕೊಟ್ಟದ್ದನ್ನು ಪರಿಹಾರ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ 8ನೇ ಸೆಕ್ಷನ್ ಹೇಳುತ್ತದೆ. ನೂರು ವರ್ಷದ ಹಿಂದೆಯೇ ಯಾರೋ ಇಂಥ ಹೆಬ್ಬೆಟ್ಟನ್ನು ಯೋಚಿಸಿ ಬರೆದಿದ್ದಾರೆ. ನಮಗೆ ಅದನ್ನು ಹೇಳಿದವರು ಮಾತ್ರ ಯಾರೂ ಇರಲಿಲ್ಲ. ಕೆಲಸ ಕೊಟ್ಟವರು ಉಪಗುತ್ತಿಗೆದಾರರು, ಅವರ ಮೇಲೆ ಇನ್ನೊಬ್ಬರು. ‘ನಮಗೂ ನಿಮಗೂ ಸಂಬಂಧವಿಲ್ಲ’ ಅಂತ ಮೇಲಿನವರು ಹೇಳಿದರು. ಕೆಲಸದ ಮೂಲ ಒಡೆಯರೂ ಹೊಣೆ, ಕೊಟ್ಟದ್ದನ್ನು ಅವರು ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಬಹುದು ಅಂತ 12ನೇ ಸೆಕ್ಷನ್ನಿನಲ್ಲಿದೆ. ಅದೂ ಆಮೇಲೆ ತಿಳಿದದ್ದೇ.

ಇನ್ನೊಂದು ಮಾತು ಹೇಳಲೇಬೇಕು. ಟೀ ಅಂಗಡಿಯಿಂದ ಹಿಡಿದು ಆಸ್ಪತ್ರೆಯ ವಾರ್ಡಿನವರೆಗೆ ನನಗೆ ಸಿಕ್ಕ ಬುದ್ಧಿಮಾತು ಒಂದೇ: ‘ಕುಡಿದಿದ್ದ ಅಂತ ಬರೆಸಬೇಡಿ. ಬರೆಸಿದರೆ ಇನ್ಶೂರೆನ್ಸ್ ಬರಲ್ಲ.’ ಕೆಡುಕು ಬಯಸಿ ಹೇಳಿದ್ದಲ್ಲ, ನಮ್ಮ ಒಳ್ಳೆಯದಕ್ಕೇ ಹೇಳಿದ್ದು. ಈ ಮಾತಿಗೆ ಹೆದರಿ ಎಷ್ಟು ಜನ ನಿಜ ನುಂಗಿಕೊಂಡಿದ್ದಾರೋ. ಕುಡಿದು ಓಡಿಸಿದ್ದನ್ನು ವಿಮಾ ಕಂಪನಿ ತಕರಾರಾಗಿ ಎತ್ತಬಹುದು ಅನ್ನುವುದು ನಿಜ. 2019ರ ತಿದ್ದುಪಡಿಯಲ್ಲಿ ಅದನ್ನು ಸ್ಪಷ್ಟವಾಗಿ ಸೇರಿಸಿದ್ದಾರೆ. ಆದರೆ ಪಾಲಿಸಿಯ ಷರತ್ತು ಮುರಿದಿದ್ದರೂ ಗಾಯಗೊಂಡ ಹೊರಗಿನವರಿಗೆ ಕಂಪನಿ ಮೊದಲು ಹಣ ಕೊಡಬೇಕು, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಬೇಕು ಅಂತ 2020ರಲ್ಲಿ ನಮ್ಮ ಹೈಕೋರ್ಟಿನ ಪೂರ್ಣಪೀಠ ಹೇಳಿದೆ. ಕುಡಿದ ಚಾಲಕನ ವಿಷಯದಲ್ಲೇ ಕೇರಳ ಹೈಕೋರ್ಟ್ 2023ರಲ್ಲಿ ಹೀಗೆಯೇ ತೀರ್ಪು ಕೊಟ್ಟಿದೆ. ಷರತ್ತು ಮುರಿದವನು ಕಾರಿನವನು. ಅದಕ್ಕೆ ನನ್ನ ಅಕ್ಕ ಯಾಕೆ ದಂಡ ಕಟ್ಟಬೇಕು?

ನಿಜ ಬರೆಸಿದರೆ ಏನಾಗುತ್ತದೆ ಅನ್ನುವುದಕ್ಕೆ ಮುಂಬೈಯ ಒಂದು ಕೇಸು ಸಾಕು. 2006ರ ನವೆಂಬರ್ 12ರ ನಸುಕಿನಲ್ಲಿ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಕುಡಿದವನೊಬ್ಬನ ಕಾರು ಫುಟ್‌ಪಾತ್ ಹತ್ತಿತು. ಅಲ್ಲಿ ಮಲಗಿದ್ದವರು ಅದೇ ರಸ್ತೆಯ ಕೆಲಸಕ್ಕೆ ಬಂದ ಕೂಲಿಕಾರರು. ಏಳು ಜನ ಸತ್ತರು, ಎಂಟು ಜನ ಗಾಯಗೊಂಡರು. ಅವನ ರಕ್ತದಲ್ಲಿ ಶೇ. 0.112 ಮದ್ಯ ಇತ್ತು ಅಂತ ವರದಿಯಿತ್ತು. ಬರೀ ಅಜಾಗರೂಕತೆ ಅಂತ ಬಿಡದೆ, ಕೊಲೆಯಲ್ಲದ ನರಹತ್ಯೆ ಅಂತಲೇ ಶಿಕ್ಷೆಯಾಯಿತು. 2012ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ ಜೈಲು ಶಿಕ್ಷೆಯನ್ನು ಎತ್ತಿಹಿಡಿಯಿತು. ಮೂರು ವರ್ಷ ಏಳು ಜೀವಕ್ಕೆ ಸಾಟಿ ಅಂತ ನಾನು ಹೇಳುವುದಿಲ್ಲ. ಆದರೆ ಆ ರಕ್ತದ ವರದಿ ಇಲ್ಲದಿದ್ದರೆ ಇಷ್ಟೂ ಆಗುತ್ತಿತ್ತೇ ಅನ್ನುವುದು ನನ್ನ ಅನುಮಾನ.

ನಮಗೆ ದಾರಿ ಸಿಕ್ಕಿದ್ದು ಆಕಸ್ಮಿಕ. ಮಂಡಿಗೆ ಸೇವಂತಿಗೆ ತರುವ ರೈತರೊಬ್ಬರು ‘ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆಯಲ್ಲಪ್ಪ, ದುಡ್ಡಿಲ್ಲದೆ ವಕೀಲರನ್ನು ಕೊಡ್ತಾರೆ’ ಅಂದರು. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಾರ್ಖಾನೆಯ ಕೆಲಸಗಾರರಿಗೆ ವರಮಾನ ನೋಡದೆ ಉಚಿತ ವಕೀಲರ ನೆರವು ಕೊಡಬೇಕು ಅಂತ 1987ರ ಕಾಯ್ದೆ ಇದೆ. ಹೋದಾಗ ಐದೂವರೆ ತಿಂಗಳಾಗಿತ್ತು. ನ್ಯಾಯಮಂಡಳಿಗೆ ಅರ್ಜಿ ಹಾಕಲು ಮೋಟಾರು ವಾಹನ ಕಾಯ್ದೆ ಕೊಟ್ಟಿರುವುದು ಆರು ತಿಂಗಳು. ಅಲ್ಲಿ ನಮಗೆ ಸಿಕ್ಕ ವಕೀಲರಮ್ಮ ಒಂದು ವಾರದಲ್ಲಿ ಕಾಗದ ಸಿದ್ಧ ಮಾಡಿದರು. ಜೊತೆಯವಳೊಬ್ಬಳ ಫೋನಿನಲ್ಲಿದ್ದ ಫೋಟೋ ಹುಡುಕಿಸಿದರು. ಪೈಪು ಇನ್ನೂ ನೀರು ಸುರಿಸುತ್ತಿದೆ, ಪಕ್ಕದಲ್ಲಿ ಅಕ್ಕ ಬಿದ್ದಿದ್ದಾಳೆ. ಅಂದಿನ ಹಾಜರಿ ಪುಸ್ತಕದ ಪುಟ ಕೇಳಿದೆವು, ಕೊಟ್ಟಿಲ್ಲ. ಕೇಸು ನಡೆಯುತ್ತಿದೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಠಾಣೆ, ಆಸ್ಪತ್ರೆ, ಗುತ್ತಿಗೆದಾರರು ಯಾರ ಹೆಸರನ್ನೂ ನಾನು ಇಲ್ಲಿ ಹೇಳಿಲ್ಲ. ಒಬ್ಬರನ್ನು ಕೆಲಸದಿಂದ ತೆಗೆಸುವುದು ನನ್ನ ಉದ್ದೇಶವಲ್ಲ. ನಾಳೆ ಬೆಳಗ್ಗೆ ಆರಕ್ಕೆ ಇದೇ ಹೆದ್ದಾರಿಯಲ್ಲಿ ಕೆಲಸಕ್ಕೆ ನಿಲ್ಲುವ ಹೆಂಗಸರಿಗೆ ಇದು ಆಗಬಾರದು. ಕಸ ಗುಡಿಸುವ ಪೌರಕಾರ್ಮಿಕರು, ಮಂಡಿಗೆ ಹೂವು ಇಳಿಸುವ ಹಮಾಲರು, ರಾತ್ರಿ ಪಾಳಿ ಮುಗಿಸಿ ಟೆಂಪೋದಲ್ಲಿ ಬರುವ ಹುಡುಗಿಯರು ಕೂಡ ಇದೇ ರಸ್ತೆಯಲ್ಲಿದ್ದಾರೆ. ಕೆಲಸಕ್ಕೆ ಹೋಗುವ, ಬರುವ ದಾರಿಯ ಅಪಘಾತವೂ ಕೆಲಸಕ್ಕೆ ಸಂಬಂಧಿಸಿದ್ದೆಂದು ತೋರಿಸಿದರೆ ಪರಿಹಾರಕ್ಕೆ ಸೇರುತ್ತದೆ. ಸಕ್ಕರೆ ಕಾರ್ಖಾನೆಯ ಒಬ್ಬ ರಾತ್ರಿ ಕಾವಲುಗಾರನ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹಾಗೆ ಹೇಳಿತು. ಹೊಸ ಸಂಹಿತೆಯಲ್ಲೂ ಅದು ಇದೆ. ಆ ಹುಡುಗಿಯರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಮಾನ್ಯ ಪೊಲೀಸ್ ವರಿಷ್ಠಾಧಿಕಾರಿಗಳೇ, ರಸ್ತೆ ಅಪಘಾತದ ದೂರು ಬರೆದುಕೊಳ್ಳುವಾಗ ಎರಡು ಪ್ರಶ್ನೆ ಕಡ್ಡಾಯವಾಗಿ ಕೇಳಲು ಎಲ್ಲ ಠಾಣೆಗಳಿಗೆ ಸೂಚನೆ ಕೊಡಿ. ಗಾಯಗೊಂಡವರು ಆಗ ಯಾರ ಕೆಲಸದ ಮೇಲಿದ್ದರು? ಚಾಲಕನನ್ನು ಊದಿಸಿದಿರಾ, ಎಷ್ಟು ಗಂಟೆಗೆ? ಕೆಲಸ ಕೊಟ್ಟವರ ಕಡೆಯವರು ದೂರು ತಂದರೆ, ಗಾಯಗೊಂಡವರದ್ದೋ ಜೊತೆಯಲ್ಲಿದ್ದ ಕೂಲಿಕಾರರದ್ದೋ ಹೇಳಿಕೆಯನ್ನೂ ಅಂದೇ ಬರೆದುಕೊಳ್ಳಲಿ. ಅಪಘಾತದ ಸುದ್ದಿ ಸಿಕ್ಕ 48 ಗಂಟೆಯಲ್ಲಿ ನ್ಯಾಯಮಂಡಳಿಗೆ ಮೊದಲ ವರದಿ, 90 ದಿನದಲ್ಲಿ ವಿವರವಾದ ವರದಿ ಹೋಗಬೇಕು ಅಂತ 2022ರ ಏಪ್ರಿಲ್ 1ರಿಂದ ನಿಯಮ ಜಾರಿಯಲ್ಲಿದೆ. ಅದೇ ನಿಯಮದ ನಮೂನೆ 2 ಅನ್ನುವ ಕಾಗದದಲ್ಲಿ ಗಾಯಗೊಂಡವರ ಹಕ್ಕುಗಳೆಲ್ಲ ಇವೆ. ಹತ್ತು ದಿನದೊಳಗೆ ಅದನ್ನು ಅವರ ಕೈಗೆ ಕೊಡಬೇಕು. ನಮ್ಮ ಕೈಗೆ ಅದು ಬರಲೇ ಇಲ್ಲ. ದಯವಿಟ್ಟು ಅದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ಓದು ಬಾರದವರಿಗೆ ಓದಿ ಹೇಳಿ. ಬಾಗೇಪಲ್ಲಿ ಕಡೆಯವರಿಗೆ ತೆಲುಗಿನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ಶನಿವಾರ ರಾತ್ರಿಯ ತಪಾಸಣೆಯನ್ನು ಭಾನುವಾರ ಬೆಳಗ್ಗೆ ಏಳರವರೆಗೆ ನಂದಿ ಬೆಟ್ಟದ ತಿರುವುಗಳಲ್ಲೂ ಮಾಡಿ. ಬೆಟ್ಟಕ್ಕೆ ಬರುವವರೆಲ್ಲ ಕುಡಿದು ಬರುತ್ತಾರೆ ಅಂತ ನಾನು ಹೇಳುತ್ತಿಲ್ಲ. ಒಬ್ಬ ಬಂದರೂ ಸಾಕು.

ಮಾನ್ಯ ಕಾರ್ಮಿಕ ಅಧಿಕಾರಿಗಳೇ, ಕೆಲಸದ ಮೇಲಿದ್ದವರ ಅಪಘಾತ ಅಂತ ಗೊತ್ತಾದ ಕೂಡಲೇ ಎಫ್‌ಐಆರ್ ಪ್ರತಿ ನಿಮಗೂ ಬರುವ ಹಾಗೆ ಮಾಡಿಕೊಳ್ಳಿ. ಹಾಜರಿ ಪುಸ್ತಕ, ಬಟವಾಡೆ ಪುಸ್ತಕದ ಆ ದಿನದ ಪುಟಗಳನ್ನು ಅದೇ ವಾರ ತರಿಸಿಕೊಳ್ಳಿ. ಹೊತ್ತು ಕಳೆದರೆ ಪುಟವೇ ಇರುವುದಿಲ್ಲ. ಇಎಸ್‌ಐ ಅನ್ನುವ ನೌಕರರ ವಿಮೆ ಕಟ್ಟಿದ್ದರೆ ಗಾಯದಿಂದ ಮಲಗಿದ ದಿನಗಳಿಗೆ ಕೂಲಿಯ ಶೇ. 90 ಸಿಗುತ್ತಿತ್ತು. ಅಕ್ಕನಿಗೆ ಕಟ್ಟಿರಲಿಲ್ಲ. ಕೋನು, ಬಾವುಟ, ಜಾಕೆಟ್ ಇಲ್ಲದೆ ಹೆದ್ದಾರಿಯಲ್ಲಿ ಕೆಲಸಕ್ಕೆ ನಿಲ್ಲಿಸುವವರನ್ನು ಒಂದು ಮುಂಜಾನೆ ಬಂದು ನೋಡಿ.

ಮಾನ್ಯ ಸದಸ್ಯ ಕಾರ್ಯದರ್ಶಿಗಳೇ, ನಿಮ್ಮ ಕಚೇರಿಯಿಂದ ನಮಗೆ ಸಿಕ್ಕ ನೆರವನ್ನು ಮರೆಯುವುದಿಲ್ಲ. ಅದು ಇನ್ನೂ ಮೊದಲೇ ಸಿಗಬೇಕಿತ್ತು ಅನ್ನುವುದಷ್ಟೇ ನನ್ನ ಸಂಕಟ. ಮೂಳೆ ವಾರ್ಡುಗಳ ಗೋಡೆಯ ಮೇಲೆ 15100 ಅನ್ನುವ ನಿಮ್ಮ ಸಹಾಯವಾಣಿ ಸಂಖ್ಯೆ ಬರೆಸಿ. ವಾರಕ್ಕೊಮ್ಮೆ ಒಬ್ಬ ಸ್ವಯಂಸೇವಕರು ವಾರ್ಡಿಗೆ ಬಂದು ಹೋದರೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುವವರಿಗಿಂತ ಮೊದಲು ನೀವು ಅಲ್ಲಿರುತ್ತೀರಿ. ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಬಂದವರಿಗೆ ಇನ್ನೊಂದನ್ನು ತಪ್ಪದೆ ಹೇಳಬೇಕು. ಅವರು ತಮ್ಮ ಊರಿನ ನ್ಯಾಯಮಂಡಳಿಯಲ್ಲೂ ಅರ್ಜಿ ಹಾಕಬಹುದು. ಕೇಸಿಗಾಗಿ ಇಲ್ಲಿಗೇ ಓಡಾಡಬೇಕಾಗಿಲ್ಲ.

ಮಾನ್ಯ ಜಿಲ್ಲಾಧಿಕಾರಿಗಳೇ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ತಾವೇ ಅಧ್ಯಕ್ಷರು. ಮುಂದಿನ ಸಭೆಯಲ್ಲಿ ಈ ವಿಷಯ ಇಡಿ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸತ್ತವರ ಮನೆಯವರಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಯೋಜನೆಯ ಅರ್ಜಿಗಳು ತಾಲ್ಲೂಕು ಮಟ್ಟದಿಂದ ತಮ್ಮ ತನಕ ಬರಬೇಕು. ಅಂಥ ಅರ್ಜಿ ಎಷ್ಟು ಬಂದಿವೆ, ಎಷ್ಟು ಇತ್ಯರ್ಥವಾಗಿವೆ ಅಂತ ಪ್ರಕಟಿಸಿ. 2025ರ ಮೇನಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ ಏಳು ದಿನ 1.5 ಲಕ್ಷದವರೆಗೆ ನಗದಿಲ್ಲದ ಚಿಕಿತ್ಸೆ ಸಿಗಬೇಕು. ನಮ್ಮ ಜಿಲ್ಲೆಯಲ್ಲಿ ಯಾವ ಆಸ್ಪತ್ರೆಗೆ ಹೋದರೆ ಅದು ಸಿಗುತ್ತದೆ ಅನ್ನುವ ಪಟ್ಟಿಯನ್ನು ಪಂಚಾಯಿತಿ ಕಚೇರಿಗಳಲ್ಲಿ ಅಂಟಿಸಿ. ಅಕ್ಕನ ಆಪರೇಷನ್ನಿಗೆ ನಾವು ಅಮ್ಮನ ಎರಡು ಬಳೆ ಅಡ ಇಟ್ಟಿದ್ದೇವೆ. ಇನ್ನೂ ಬಿಡಿಸಿಕೊಂಡಿಲ್ಲ.

ಮಂಡಿ ಹತ್ತು ಗಂಟೆಗೆಲ್ಲ ಖಾಲಿಯಾಗುತ್ತದೆ. ಹನ್ನೊಂದರ ನಂತರ ಯಾವ ಕಚೇರಿಗೆ ಕರೆದರೂ ಎಫ್‌ಐಆರ್, ಗಾಯದ ಸರ್ಟಿಫಿಕೇಟ್, ರಕ್ತದ ವರದಿ, ಆ ಫೋಟೋ ಎಲ್ಲ ತೆಗೆದುಕೊಂಡು ಬರುತ್ತೇನೆ. ಅಕ್ಕನೂ ಬರುತ್ತಾಳೆ. ಮೆಟ್ಟಿಲು ಇಲ್ಲದ ಕೋಣೆಯಾದರೆ ಅವಳಿಗೆ ಅನುಕೂಲ.

ಗೌರವದೊಂದಿಗೆ,
ಗಾಯಗೊಂಡ ಕೂಲಿ ಹೆಣ್ಣುಮಗಳ ತಮ್ಮ
ಚಿಕ್ಕಬಳ್ಳಾಪುರ